ವೇದಿಕೆಯ ಮಾತು ಸಾಕು, ಸದನದ ಮಾತು ಬೇಕು

ಭದ್ರಾವತಿ, ಶಿವಮೊಗ್ಗದ ನಾಗರಿಕ ಬಂಧುಗಳೇ,

ಈ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುವ ಮೊದಲು, ಅಥವಾ ಕಡಲೆಕಾಯಿ ಪೊಟ್ಟಣ ಮಾಡುವ ಮೊದಲು, ಒಂದು ಸಲ ಓದಿ. ಬರುವ ಸೋಮವಾರ, 2025ರ ಮಾರ್ಚ್ 17ರಿಂದ ಶುಕ್ರವಾರ 21ರವರೆಗೆ ಲೋಕಸಭೆಯಲ್ಲಿ 2025-26ರ ಬಜೆಟ್ಟಿನ ಇಲಾಖಾವಾರು ಹಣಕ್ಕೆ ಮತ ಬೀಳಲಿದೆ. ಒಟ್ಟು 50.65 ಲಕ್ಷ ಕೋಟಿ ರೂಪಾಯಿಯ ಬಜೆಟ್. ಉಕ್ಕು ಸಚಿವಾಲಯದ ಪಾಲಿನ ಹಣಕ್ಕೂ ಇದೇ ವಾರ ಒಪ್ಪಿಗೆ ಸಿಗುತ್ತದೆ, ಅದರ ಬಗ್ಗೆ ಯಾರೂ ತುಟಿ ಬಿಚ್ಚದೆ.

ಅದು ಹೇಗೆ ಅಂತೀರಾ? ಬಜೆಟ್ಟಿನಲ್ಲಿ ನೂರರ ಆಸುಪಾಸು ಅನುದಾನ ಬೇಡಿಕೆಗಳಿರುತ್ತವೆ. ಎಲ್ಲವನ್ನೂ ಚರ್ಚಿಸಲು ಸಮಯ ಇಲ್ಲ ಅಂತ ಮೂರೋ ನಾಲ್ಕೋ ಇಲಾಖೆ ಆರಿಸಿಕೊಳ್ಳುತ್ತಾರೆ. ಈ ಸಲ ರೈಲ್ವೆ, ಜಲಶಕ್ತಿ, ಕೃಷಿ. ಉಳಿದದ್ದನ್ನೆಲ್ಲ ಶುಕ್ರವಾರ ಸಭಾಧ್ಯಕ್ಷರು ಒಂದೇ ಗಂಟು ಕಟ್ಟಿ ಮತಕ್ಕೆ ಹಾಕುತ್ತಾರೆ. ಅದಕ್ಕೆ ಗಿಲೊಟಿನ್ ಅಂತ ಹೆಸರು. ಫ್ರಾನ್ಸಿನಲ್ಲಿ ತಲೆ ಕತ್ತರಿಸುತ್ತಿದ್ದ ಯಂತ್ರದ ಹೆಸರು ಅದು. ಸಂಸತ್ತಿನಲ್ಲಿ ಚರ್ಚೆಯ ತಲೆ ಹೋಗುತ್ತದೆ, ಹಣ ಮಾತ್ರ ಪಾಸಾಗುತ್ತದೆ. ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ, ಮುಗಿಯಿತು.

ರೈಲ್ವೆ ಚರ್ಚೆಗೆ ಬರುವುದು ನಮಗೂ ಒಳ್ಳೆಯದೇ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗದ ಮಾತು ಅಲ್ಲಿ ಏಳಬೇಕು. ಜಲಶಕ್ತಿಯಲ್ಲಿ ಭದ್ರಾ ಮೇಲ್ದಂಡೆಗೆ 2023ರ ಬಜೆಟ್ ಭಾಷಣದಲ್ಲಿ ಹೇಳಿದ 5,300 ಕೋಟಿ ಎಲ್ಲಿ ಹೋಯಿತು ಎಂದು ಕೇಳಬೇಕು. ತುಂಗೆಯಿಂದ ಎತ್ತಿ ಭದ್ರೆಗೆ ಹಾಕುವ ನೀರು ನಮ್ಮ ಜಿಲ್ಲೆಯದು ತಾನೇ. ಕೃಷಿ ಅಂದರೆ ಅಡಿಕೆ, ಅದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಹಣೆಬರಹ ಇರುವುದು ಈ ಮೂರರಲ್ಲಿ ಅಲ್ಲ. ಶುಕ್ರವಾರದ ಗಂಟಿನಲ್ಲಿ.

ಆ ಗಂಟು ಬಿಚ್ಚಿ ನೋಡಿದರೂ ಭದ್ರಾವತಿ ಸುಲಭಕ್ಕೆ ಸಿಗುವುದಿಲ್ಲ. ಉಕ್ಕು ಸಚಿವಾಲಯದ ಪುಟದಲ್ಲಿ ಮೊದಲು ಸಚಿವಾಲಯದ ಖರ್ಚು, ಕೆಳಗೆ ಸಾರ್ವಜನಿಕ ಉದ್ದಿಮೆಗಳ ಪಟ್ಟಿ. ಅಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ನಾವು ಸೈಲ್ ಅನ್ನುವ ಕಂಪನಿ, ಒಂದೇ ಸಾಲಿನಲ್ಲಿದೆ. ಅದರ ಎದುರು ಕಂಪನಿ ತಾನೇ ದುಡಿದು ಅಥವಾ ಸಾಲ ತಂದು ಹೂಡುವ ಬಂಡವಾಳದ ಅಂಕಿ. ಭಿಲಾಯಿಗೆ ಎಷ್ಟು, ಬೊಕಾರೊಗೆ ಎಷ್ಟು, ನಮ್ಮ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ವಿಐಎಸ್‌ಎಲ್‌ಗೆ ಎಷ್ಟು ಅಂತ ಅಲ್ಲಿ ಬರೆದಿರುವುದಿಲ್ಲ. ಹಾಗಾಗಿ ನಮ್ಮ ಪ್ರಶ್ನೆ ಬಹಳ ಸಣ್ಣದು: ಆ ಒಂದು ಸಾಲಿನೊಳಗೆ ಭದ್ರಾವತಿಯ ಪಾಲು ಎಷ್ಟು? ಸೊನ್ನೆಯಾದರೆ ಸೊನ್ನೆ ಅಂತಲೇ ಹೇಳಲಿ.

ಕಾರ್ಖಾನೆಯ ಕಥೆ ನಿಮಗೆ ಗೊತ್ತಿಲ್ಲದ್ದಲ್ಲ, ಚುಟುಕಾಗಿ ಹೇಳಿಬಿಡುತ್ತೇವೆ. ಒಂದು ಕಾಲದಲ್ಲಿ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, ವಿಶ್ವೇಶ್ವರಯ್ಯನವರ ಕನಸಿನಂತೆ, 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು, ಭದ್ರೆಯ ನೀರು. 1989ರಲ್ಲಿ ಸೈಲ್ ಕೈಗೆ ಹೋಯಿತು, 1998ರಲ್ಲಿ ಅದರೊಳಗೇ ವಿಲೀನವಾಯಿತು. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸೇಲಂ, ದುರ್ಗಾಪುರದ ಜೊತೆ ಭದ್ರಾವತಿಯನ್ನೂ ಮಾರುವ ಪಟ್ಟಿಗೆ ಸೇರಿಸಿತು. 2019ರಲ್ಲಿ ಕೊಳ್ಳುವವರನ್ನು ಕರೆದರು. ಯಾರೂ ಮುಂದುವರಿಯಲಿಲ್ಲ ಅಂತ 2022ರ ಅಕ್ಟೋಬರ್‌ನಲ್ಲಿ ಆ ಕರೆಯನ್ನು ರದ್ದು ಮಾಡಿದರು. ಮಾರಲು ಆಗಲಿಲ್ಲ, ಸರಿ, ನಡೆಸಿ ಎಂದುಕೊಂಡೆವು. 2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿ ಮುಚ್ಚಲು ತೀರ್ಮಾನಿಸಿತು. ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ. ನೂರು ತುಂಬಿದ ಅಜ್ಜನಿಗೆ ಊರವರು ಶಾಲು ಹೊದಿಸುತ್ತಾರೆ. ಇಲ್ಲಿ ತಿಥಿಗೆ ದಿನ ನೋಡಿದರು.

ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಹೊರಗಿನಿಂದ ಉಕ್ಕು ತಂದು ಇಲ್ಲಿ ಎಳೆದು ಕಳಿಸುವುದು ಬದುಕಿದ ಲಕ್ಷಣ ಹೌದು, ಆದರೆ ಒಲೆ ಹಚ್ಚದೆ ಪಕ್ಕದ ಮನೆಯ ಸಾರು ತಂದು ಬಿಸಿ ಮಾಡಿಕೊಂಡ ಹಾಗೆ. ಸ್ವಂತ ಗಣಿ ಇಲ್ಲದೆ, ಹೊಸ ಬಂಡವಾಳ ಇಲ್ಲದೆ ಅದು ಎಷ್ಟು ದಿನ?

2024ರ ಜೂನ್ 30ರಂದು ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಭದ್ರಾವತಿಗೆ ಬಂದು ಕಾರ್ಖಾನೆ ನೋಡಿ ಉಳಿಸುವ ಭರವಸೆ ಕೊಟ್ಟರು. ಸಂತೋಷ. ಅವರಿಗಿಂತ ಮೊದಲು ಬಂದವರೂ ಕೊಟ್ಟಿದ್ದರು. ಚುನಾವಣೆಗೊಂದು, ಮಂತ್ರಿಗೊಂದರಂತೆ ಭರವಸೆ ಕೇಳಿ ಕೇಳಿ ನ್ಯೂಟೌನಿನ ಕ್ವಾರ್ಟರ್ಸ್ ಗೋಡೆಗಳಿಗೂ ಬಾಯಿಪಾಠ ಆಗಿದೆ. ನಮ್ಮ ತಕರಾರು ಕುಮಾರಸ್ವಾಮಿಯವರ ಮನಸ್ಸಿನ ಮೇಲಲ್ಲ. ಅವರು ಆ ಮಾತನ್ನು ಎಲ್ಲಿ ಆಡಿದರು ಅನ್ನುವುದರ ಮೇಲೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಈ ಕರಪತ್ರ ಅಚ್ಚು ಹಾಕಿಸಿದ್ದೇ ಇದಕ್ಕೆ. ಮಂತ್ರಿ ಹಾರ ಹಾಕಿಸಿಕೊಂಡು ಮೈಕಿನ ಮುಂದೆ ಹೇಳಿದ ಮಾತಿಗೆ ಮರುದಿನದ ಪೇಪರಿನಷ್ಟೇ ಆಯುಷ್ಯ. ಅದೇ ಮಂತ್ರಿ ಲೋಕಸಭೆಯಲ್ಲಿ ನಿಂತು ‘ಪರಿಶೀಲನೆಯಲ್ಲಿದೆ’ ಎಂದರೂ ಸಾಕು, ‘ಮಾಹಿತಿ ಸಂಗ್ರಹಿಸುತ್ತಿದ್ದೇವೆ’ ಎಂದರೂ ಸಾಕು, ಅದು ಸರ್ಕಾರದ ಭರವಸೆ ಅಂತ ದಾಖಲಾಗುತ್ತದೆ. ಸದನಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದು ಇದೆ, ಹದಿನೈದು ಸದಸ್ಯರದ್ದು. ಯಾವ ಮಾತನ್ನು ಭರವಸೆ ಎಂದು ಹಿಡಿಯಬೇಕು ಅನ್ನುವುದಕ್ಕೆ ಅವರ ಬಳಿ ಪದಗಳ ಪಟ್ಟಿಯೇ ಇದೆ. ಹಿಡಿದ ಮೇಲೆ ಸಚಿವಾಲಯ ಮೂರು ತಿಂಗಳಲ್ಲಿ ಅದನ್ನು ಈಡೇರಿಸಿ ವರದಿ ಕೊಡಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆದು ಹೆಚ್ಚಿನ ಸಮಯ ಕೇಳಬೇಕು, ಅಧಿಕಾರಿಗಳು ಸಮಿತಿಯ ಮುಂದೆ ಬಂದು ಕೂರಬೇಕಾಗಲೂಬಹುದು. ಮೂರು ತಿಂಗಳು ಎಷ್ಟೋ ಸಲ ಮೂರು ವರ್ಷ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಕಡತ ತೆರೆದಿರುತ್ತದೆ. ಮಂತ್ರಿ ಬದಲಾದರೂ ಅದು ಹೊಸ ಮಂತ್ರಿಯ ಮೇಜಿಗೆ ಹೋಗುತ್ತದೆ.

ಭದ್ರಾವತಿಗೆ ಕೊಟ್ಟ ಮಾತುಗಳಲ್ಲಿ ಹಾರದ ಜೊತೆ ಬಾಡಿದವೇ ಹೆಚ್ಚು. ಒಂದನ್ನಾದರೂ ಈ ಕಡತದೊಳಗೆ ತಳ್ಳಬೇಕು.

ಆಗದ ಮಾತು ಅನ್ನುವವರು ವಿಶಾಖಪಟ್ಟಣ ನೋಡಲಿ. ಅಲ್ಲಿನ ಉಕ್ಕಿನ ಕಾರ್ಖಾನೆಯನ್ನು ಮಾರಲು 2021ರ ಜನವರಿಯಲ್ಲಿ ತತ್ವಶಃ ಒಪ್ಪಿಗೆ ಆಗಿತ್ತು. ಊರಿಗೆ ಊರೇ ಬೀದಿಗಿಳಿಯಿತು, ಸಂಸದರು ಬಿಡಲಿಲ್ಲ, ರಾಜಕೀಯದ ಗಾಳಿಯೂ ತಿರುಗಿತು. 2025ರ ಜನವರಿಯಲ್ಲಿ ಅದೇ ಕೇಂದ್ರ ಸಂಪುಟ ಆ ಕಾರ್ಖಾನೆಗೆ 11,440 ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಕೊಟ್ಟಿತು. ಅದು ಸ್ವತಂತ್ರ ಕಂಪನಿ, ನಮ್ಮದು ಸೈಲ್‌ನ ಒಂದು ಘಟಕ. ಗಾತ್ರಕ್ಕೂ ಹೋಲಿಕೆ ಇಲ್ಲ. ಒಪ್ಪಿದೆವು. ಆದರೆ ಸಂಪುಟ ಬರೆದದ್ದನ್ನು ಸಂಪುಟವೇ ಅಳಿಸಬಹುದು ಅನ್ನುವುದಂತೂ ಕಣ್ಣಮುಂದೆ ಬಂತಲ್ಲ?

ನಮ್ಮ ಕಡೆ ಆಳಿಗೂ ಬರ ಇಲ್ಲ. ಉಕ್ಕು ಸಚಿವರು ಮಂಡ್ಯದ ಸಂಸದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ರಾಜ್ಯಸಭೆಯ ವಿರೋಧ ಪಕ್ಷದ ನಾಯಕರು ಮಲ್ಲಿಕಾರ್ಜುನ ಖರ್ಗೆ. ಅದೇ ಸದನದಲ್ಲಿ ದೇವೇಗೌಡರೂ ಇದ್ದಾರೆ, ಅವರಿಗೆ ಉಕ್ಕು ಸಚಿವರನ್ನು ಕಾಣಲು ಅಪಾಯಿಂಟ್‌ಮೆಂಟ್ ಬೇಕಾಗಲಿಕ್ಕಿಲ್ಲ. ನಮ್ಮ ಸಂಸದ ಬಿ.ವೈ. ರಾಘವೇಂದ್ರ ಇದೇ ಕ್ಷೇತ್ರದಿಂದ ನಾಲ್ಕು ಸಲ ಗೆದ್ದವರು. ಇಷ್ಟು ಜನರನ್ನು ಇಟ್ಟುಕೊಂಡು ಶುಕ್ರವಾರ ನಮ್ಮ ಹೆಸರೇ ಬರದೆ ಗಂಟು ಪಾಸಾದರೆ ತಪ್ಪು ಅವರದ್ದಷ್ಟೇ ಅಲ್ಲ, ಕೇಳದೆ ಕೂತ ನಮ್ಮದೂ.

ಹುಸಿ ಆಸೆ ಹುಟ್ಟಿಸುವುದು ಬೇಡ. ಶುಕ್ರವಾರ ಸರ್ಕಾರ ಸೋಲುವುದಿಲ್ಲ. ಪಕ್ಷಗಳು ವಿಪ್ ಕೊಟ್ಟರೆ ಮೀರಿದವರು ಸದಸ್ಯತ್ವ ಕಳೆದುಕೊಳ್ಳಬಹುದು. ಕೇವಲ 100 ರೂಪಾಯಿ ಕಡಿತ ಮಾಡಿ ಅಂತ ಸೂಚನೆ ತಂದು ಊರಿನ ಕಷ್ಟ ಹೇಳುವ ದಾರಿಯೊಂದಿದೆ. ಆಳುವ ಪಕ್ಷದವರು ಅದನ್ನು ತರುವುದಿಲ್ಲ, ತಂದರೂ ಚರ್ಚೆಗೆ ಬಾರದ ಇಲಾಖೆಯಲ್ಲಿ ಗಂಟಿನ ಜೊತೆ ಅದೂ ಬಿದ್ದುಹೋಗುತ್ತದೆ. ಪ್ರಶ್ನೋತ್ತರಕ್ಕೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಬೇಕು, ಈ ವಾರದ ಬಾಗಿಲು ಮುಚ್ಚಿದೆ. ತೆರೆದಿರುವುದು ಶೂನ್ಯವೇಳೆ, ಮತ್ತು ನಿಯಮ 377. ಶೂನ್ಯವೇಳೆಯಲ್ಲಿ ಎರಡು ಮಾತು ಆಡಬಹುದು, ಮಂತ್ರಿ ಉತ್ತರಿಸಲೇಬೇಕೆಂದಿಲ್ಲ. 377ರಲ್ಲಿ ಸಂಸದರು 250 ಪದದೊಳಗೆ ಬರೆದುಕೊಟ್ಟರೆ ಸಚಿವಾಲಯ ಬರವಣಿಗೆಯಲ್ಲಿ ಉತ್ತರ ಕಳಿಸುತ್ತದೆ. ಅಧಿವೇಶನ ಏಪ್ರಿಲ್ 4ರವರೆಗೆ ಇದೆ. ನಮಗೆ ಬೇಕಾದದ್ದು ಈ 377ರ ಲಿಖಿತ ಉತ್ತರ. ಜೊತೆಗೆ ಮುಂದಿನ ಅಧಿವೇಶನಕ್ಕೆ ಪ್ರಶ್ನೆಯ ನೋಟಿಸ್ ಈಗಲೇ ಬರೆದಿಟ್ಟುಕೊಳ್ಳಲಿ.

ಆದ್ದರಿಂದ ಇಂದೇ ಸಂಸದರಿಗೆ ಒಂದು ಪೋಸ್ಟ್‌ಕಾರ್ಡ್ ಹಾಕಿ, ಆಗದಿದ್ದರೆ ಅವರ ಕಚೇರಿಗೆ ಫೋನ್ ಮಾಡಿ. ಉದ್ದುದ್ದ ಬರೆಯಬೇಡಿ, ಬೈಯಬೇಡಿ. ಮೂರು ಮಾತು ಸಾಕು. ಮುಚ್ಚುವ 2023ರ ತೀರ್ಮಾನ ವಾಪಸ್ ಪಡೆದಿದ್ದೀರಾ, ಇಲ್ಲವಾ? 2025-26ರಲ್ಲಿ ಸೈಲ್ ಹೂಡುವ ಬಂಡವಾಳದಲ್ಲಿ ಭದ್ರಾವತಿಗೆ ಎಷ್ಟು? ಅದಿರು ಎಲ್ಲಿಂದ, ಯಾವಾಗಿನಿಂದ? ಇದನ್ನು ಸದನದಲ್ಲಿ ಕೇಳಿ, ಕನ್ನಡದಲ್ಲೇ ಕೇಳಿ. ಮೊದಲೇ ತಿಳಿಸಿದರೆ ಅಲ್ಲಿ ಅನುವಾದದ ಏರ್ಪಾಡಿದೆ.

ಇನ್ನೊಂದು ದಾರಿ ನಮ್ಮ ಕೈಯಲ್ಲೇ ಇದೆ. ಲೋಕಸಭೆಗೆ ಯಾವ ನಾಗರಿಕನಾದರೂ ಅರ್ಜಿ ಹಾಕಬಹುದು, ಅದನ್ನು ನೋಡಲು ಅರ್ಜಿಗಳ ಸಮಿತಿ ಇದೆ. ಈ ಕರಪತ್ರ ಕೊಟ್ಟವರ ಕೈಯಲ್ಲಿ ಇನ್ನೊಂದು ಹಾಳೆ ಇದೆ, ನೋಡಿ. ಮೇಲೆ ‘ಲೋಕಸಭೆಗೆ’ ಅಂತ ಇದೆ, ಕೆಳಗೆ ಅರ್ಧ ಪುಟ ಕನ್ನಡ, ಅದರ ಹಿಂದೆ ಇಂಗ್ಲಿಷ್ ಅನುವಾದ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಅರ್ಜಿಗೆ ಅನುವಾದ ಜೋಡಿಸಿ ಅದಕ್ಕೂ ಸಹಿ ಹಾಕಬೇಕು ಅನ್ನುವುದು ಅಲ್ಲಿನ ನಿಯಮ, ಹಾಗಾಗಿ ಎರಡೂ ಕಡೆ ಸಹಿ ಮರೆಯಬೇಡಿ. ಹೆಸರು ಪೂರ್ತಿ ಬರೆಯಿರಿ, ವಿಳಾಸ ಪೂರ್ತಿ ಬರೆಯಿರಿ. ‘ಜನ್ನಾಪುರ’ ಅಂತ ಒಂದೇ ಪದ ಬರೆದರೆ ಆ ಸಾಲು ದಂಡ. ಅಕ್ಷರ ಬಾರದ ಅಮ್ಮಂದಿರು ಹೆಬ್ಬೆಟ್ಟು ಒತ್ತಬಹುದು, ಅದಕ್ಕೂ ಸಹಿಯಷ್ಟೇ ಬೆಲೆ. ಹಳೆಯ ಫೋಟೋ, ಪೇಪರ್ ಕಟಿಂಗ್, ಅಫಿಡವಿಟ್ ಏನೂ ಪಿನ್ ಮಾಡಬೇಡಿ, ಅರ್ಜಿಗೆ ಬೇರೆ ಕಾಗದ ಅಂಟಿಸುವಂತಿಲ್ಲ. ಕೋರ್ಟಿನಲ್ಲಿರುವ ವಿಚಾರವೂ ಇದರಲ್ಲಿ ಬರಬಾರದು, ಅದಕ್ಕೇ ಕೆಲಸ ಕಳೆದುಕೊಂಡವರ ಸಂಬಳದ ಮಾತನ್ನು ನೋವಿನಿಂದಲೇ ಬಿಟ್ಟಿದ್ದೇವೆ. ಯಾರೂ ಮುನಿಸಿಕೊಳ್ಳಬೇಡಿ. ಸದಸ್ಯರೊಬ್ಬರು ಮಂಡಿಸುವುದಾದರೆ ಅವರ ಮೇಲುಸಹಿ ಬೇಕು; ಮೊದಲು ನಮ್ಮ ಸಂಸದರ ಬಾಗಿಲಿಗೇ ಹೋಗುತ್ತೇವೆ.

ಕಲ್ಲಿದ್ದಲು, ಗಣಿ ಮತ್ತು ಉಕ್ಕು ಸ್ಥಾಯಿ ಸಮಿತಿಗೂ ಒಂದು ಪತ್ರ ಹೋಗಲಿದೆ. 31 ಸದಸ್ಯರ ಆ ಸಮಿತಿಗೆ ಅನುರಾಗ್ ಠಾಕೂರ್ ಅಧ್ಯಕ್ಷರು. ಗಿಲೊಟಿನ್‌ಗೆ ಸಿಕ್ಕ ಇಲಾಖೆಯ ಲೆಕ್ಕವನ್ನು ಒಂದಿಷ್ಟಾದರೂ ಕೆದಕಿ ನೋಡುವುದು ಇಂಥ ಸಮಿತಿಗಳೇ. ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ನಾವು ಹೋಗಿ ಕೂರುವಂತಿಲ್ಲ. ಆದರೆ ಅವರು ಕಾರ್ಖಾನೆಗಳನ್ನು ನೋಡಲು ಪ್ರವಾಸ ಬರುತ್ತಾರೆ. ಬನ್ನಿ, ಭದ್ರಾವತಿಯನ್ನೂ ನೋಡಿ ಎಂದು ಕರೆಯುತ್ತಿದ್ದೇವೆ.

ಕಾಗದನಗರದವರು ಕೇಳುತ್ತೀರಿ, ಮೈಸೂರು ಕಾಗದ ಕಾರ್ಖಾನೆ ಎಂಪಿಎಂ ಮಾತು ಯಾಕಿಲ್ಲ ಅಂತ. ಅದು ರಾಜ್ಯ ಸರ್ಕಾರದ ಕಾರ್ಖಾನೆ, ಹತ್ತಿರ ಹತ್ತು ವರ್ಷದಿಂದ ಯಂತ್ರ ನಿಂತಿದೆ, ಅದರ ಬಾಗಿಲು ವಿಧಾನಸೌಧದ್ದು. ಅಲ್ಲೂ ಈಗ ಬಜೆಟ್ ಅಧಿವೇಶನ ನಡೆದಿದೆ. ಭದ್ರಾವತಿ ಶಾಸಕ ಬಿ.ಕೆ. ಸಂಗಮೇಶ್ ಅವರಿಗೆ ಬೇರೆ ಪತ್ರ ಬರೆದಿದ್ದೇವೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ದೆಹಲಿಯವರು ಬೆಂಗಳೂರು ತೋರಿಸುತ್ತಾರೆ, ಬೆಂಗಳೂರಿನವರು ದೆಹಲಿ ತೋರಿಸುತ್ತಾರೆ. ಅದು ನಮಗೆ ಸಾಕಷ್ಟು ಅಭ್ಯಾಸ ಆಗಿದೆ.

ಶಿವಮೊಗ್ಗದವರಿಗೆ ಒಂದು ಮಾತು. ಇದು ಭದ್ರಾವತಿಯವರ ಗೋಳು ಅಂತ ಗಾಂಧಿ ಬಜಾರಿನಲ್ಲಿ ನಿಂತು ಮರುಗಿ ಹೋಗಬೇಡಿ. ಲೋಕಸಭೆಗೆ ಎರಡೂ ಊರು ಒಂದೇ ಕ್ಷೇತ್ರ. ಮಾಚೇನಹಳ್ಳಿಯ ಕೈಗಾರಿಕೆ, ನಿಮ್ಮ ಫೌಂಡ್ರಿಗಳು, ಬಿ.ಎಚ್. ರಸ್ತೆಯ ಅಂಗಡಿ, ಎಲ್ಲದರ ಗಿರಾಕಿಯಲ್ಲಿ ಭದ್ರಾವತಿಯ ಸಂಬಳದ ದಿನ ಇತ್ತು. ಗೋಪಿ ವೃತ್ತದಲ್ಲಿ ಈ ಹಾಳೆ ಕೈಗೆ ಬಂದವರು ಅಲ್ಲೇ ನಿಂತು ಸಹಿ ಹಾಕಿ.

ಭಾನುವಾರ ರಾತ್ರಿಯೊಳಗೆ ಹಾಳೆಗಳು ವಾಪಸ್ ಬರಬೇಕು. ಯಾರು ಕೊಟ್ಟರೋ ಅವರ ಕೈಗೇ ಕೊಡಿ, ಮಡಿಸಬೇಡಿ, ಹೆಬ್ಬೆಟ್ಟಿನ ಮಸಿ ಒಣಗಿದ ಮೇಲೆ ಜೋಡಿಸಿ. ಪೋಸ್ಟ್‌ಕಾರ್ಡನ್ನು ಮಾತ್ರ ನಮಗೆ ಕೊಡಬೇಡಿ, ನೀವೇ ಡಬ್ಬಿಗೆ ಹಾಕಿ.

— ಭದ್ರಾವತಿ ಮತ್ತು ಶಿವಮೊಗ್ಗದ ಕೆಲವು ನಿವಾಸಿಗಳು