ಒಂದು ವರ್ಷದ ಅಧ್ಯಕ್ಷ



ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ಜುಲೈ 1ರಂದು ನಮ್ಮ ಸೀಮೆಯ ಸೇವಾಸಂಸ್ಥೆಯೊಂದರ ಅಧ್ಯಕ್ಷನಾದನು. ಬರುವ ಜೂನ್ 30ಕ್ಕೆ ಅವನ ಅವಧಿ ಮುಗಿಯುತ್ತದೆ. "ಮೇಷ್ಟ್ರೇ, ಊರೂರಲ್ಲಿ ಆರೋಗ್ಯ ಶಿಬಿರ ನಡೆಸಬೇಕೆಂದಿದ್ದೇನೆ, ತಮ್ಮ ಶಾಲೆಯಿಂದಲೇ ಆರಂಭ" ಎಂದನು. ಸಂತೋಷಪಟ್ಟೆನು. ಆದರೂ ಕೇಳಿದೆನು: "ಕಳೆದ ವರ್ಷದ ಶಿಬಿರದಲ್ಲಿ ರಕ್ತದೊತ್ತಡ ಹೆಚ್ಚಿದೆಯೆಂದು ತಿಳಿದ ಆ ಅಜ್ಜಿ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?" ಅವನಲ್ಲಿ ಉತ್ತರವಿರಲಿಲ್ಲ; ನನ್ನಲ್ಲಿಯೂ ಇರಲಿಲ್ಲ.

ಪೋಲಿಯೋ ನಿರ್ಮೂಲನಕ್ಕೆ ರೋಟರಿ ಸಂಸ್ಥೆಯು 1985ರಲ್ಲಿ ಪಣತೊಟ್ಟಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಮೊದಲಾದುದು 1995ರಲ್ಲಿ. ಭಾರತವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆತುದು 2014ರ ಮಾರ್ಚ್ 27ರಂದು. ಈ 29 ವರ್ಷಗಳಲ್ಲಿ ಅಧ್ಯಕ್ಷರು ವರ್ಷಕ್ಕೊಬ್ಬರಂತೆ ಬಂದುಹೋದರು. ಕೆಲಸ ಮಾತ್ರ ಕೈಯಿಂದ ಕೈಗೆ ಸಾಗಿತು.

ನಮ್ಮ ಲೇಪಾಕ್ಷಿಯ ಕಲ್ಯಾಣಮಂಟಪವು ಅರ್ಧಕ್ಕೆ ನಿಂತರೂ ಚೆಂದವೇ. ಅರ್ಧಕ್ಕೆ ನಿಂತ ಚಿಕಿತ್ಸೆ ಹಾಗಲ್ಲ. ಆದುದರಿಂದ ಅವನ ಕೈಗೆ ಒಂದು ಹಾಜರಿ ಪುಸ್ತಕವನ್ನಿತ್ತೆನು. ಹೆಸರು, ಒತ್ತಡದ ಅಂಕಿ, ಮರಳಿ ನೋಡಬೇಕಾದ ದಿನ, ಇಷ್ಟನ್ನೇ ಊರಿನ ಆರೋಗ್ಯ ಕಾರ್ಯಕರ್ತೆಯೊಡನೆ ಕೂಡಿ ಬರೆಯಬೇಕು. ಜೂನ್ 30ರಂದು ಹಾರ ತುರಾಯಿಗಳಿಗಿಂತ ಮೊದಲು ಆ ಪುಸ್ತಕವು ಮುಂದಿನ ಅಧ್ಯಕ್ಷರ ಕೈ ಸೇರಲಿ.

ಮೊದಲನೆಯ ಸಾಲಿನಲ್ಲಿ ಆ ಅಜ್ಜಿಯ ಹೆಸರನ್ನು ನಾನೇ ಬರೆದಿದ್ದೇನೆ.