ಅಪ್ಪ ಉಳಿಸಿದ ಹೊಲಕ್ಕೆ ಸೊನ್ನೆಯೇ?



ನಮ್ಮ ಕಡೆ ಹಿರಿಯ ಒಕ್ಕಲಿಗನೊಬ್ಬ ತೀರಿಕೊಂಡರೆ ಊರೆಲ್ಲ ಮಣ್ಣಿಗೆ ಹೋಗುತ್ತದೆ. ಆಮೇಲೆ ಕಟ್ಟೆಯ ಮೇಲೆ ಕುಂತು ಮಂದಿ ಆಡುವ ಮಾತು ಎರಡೇ: "ಛಲೋ ಮನೆತನಸ್ಥ ಇದ್ದ. ಎಂಥಾ ಬರ ಬಂದ್ರೂ ಹೊಲ ಮಾರಲಿಲ್ಲ." ಹಿರೋಳ್ಳಿಯಿಂದ ಅಫಜಲಪುರ, ಜೇವರ್ಗಿವರೆಗೆ ಯಾವ ಹಳ್ಳಿಗೆ ಹೋದರೂ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ಮಾತಿನ ಹಿಂದೆ ಒಂದು ಇಡೀ ಜೀವಮಾನ ಇದೆ. ಮಳೆ ನಂಬಿದ ಕರಿ ಭೂಮಿ. ಮುಂಗಾರಿಗೆ ತೊಗರಿ ಬಿತ್ತಿದರೆ ರಾಶಿ ಕಾಣುವುದು ಡಿಸೆಂಬರ್, ಜನವರಿಗೆ. ಮಗಳ ಮದುವೆ, ಮಗನ ಸಾಲಿ, ಮುದುಕರ ದವಾಖಾನೆ ಎಲ್ಲಾ ಆ ಒಂದು ರಾಶಿಯ ಮೇಲೆ. ಹೊಟ್ಟೆ ಕಟ್ಟಿ, ಬಟ್ಟೆ ಕಟ್ಟಿ ಅವನು ಉಳಿಸಿದ್ದು ಒಂದೇ: ಹೊಲ.

ಈಗ ಸರಕಾರದ ಲೆಕ್ಕ ನೋಡಿರಿ. 2025-26ನೇ ಸಾಲಿಗೆ ಕೇಂದ್ರ ಸರಕಾರ ತೊಗರಿಗೆ ಕ್ವಿಂಟಲಿಗೆ 8,000 ರೂ. ಬೆಂಬಲ ಬೆಲೆ ಗೊತ್ತುಮಾಡಿತು. ಖರ್ಚು 5,038 ರೂ., ಅದರ ಮೇಲೆ ಶೇ. 59 ಹೆಚ್ಚು ಕೊಟ್ಟಿದ್ದೇವೆ ಎಂದಿತು. ಆ ಖರ್ಚಿನಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಮಂದಿಯ ದುಡಿಮೆಯ ಅಂದಾಜು ಇವೆ. ಬೇರೆಯವರ ಹೊಲ ಲಾವಣಿ ಹಿಡಿದಿದ್ದರೆ ಆ ಲಾವಣಿಯೂ ಇದೆ. ಸ್ವಂತ ಹೊಲದ ಲಾವಣಿ? ಸೊನ್ನೆ! ಸ್ವಂತ ಹೂಡಿದ ಸ್ಥಿರ ಬಂಡವಾಳದ ಬಡ್ಡಿ? ಅದೂ ಸೊನ್ನೆ! ಇವನ್ನೂ ಕೂಡಿಸಿದ 'ಸಿ-2' ಎಂಬ ಲೆಕ್ಕ ಬೆಲೆ ಆಯೋಗದ ಹತ್ತಿರವೇ ಇದೆ. ಆದರೆ ಒಂದೂವರೆ ಪಟ್ಟು ಕಟ್ಟುವಾಗ ಅದನ್ನು ಬದಿಗಿಡುತ್ತಾರೆ. ಪ್ಯಾಟಿಯ ಸಾವುಕಾರ ಸ್ವಂತ ಮಳಿಗೆಗೆ ಬಾಡಿಗೆ ಹಿಡಿಯದೆ ದರ ಹಚ್ಚುತ್ತಾನೇನು?

ಹಾಗಾದರೆ ಅಪ್ಪ ಜೀವ ತೇಯ್ದು ಉಳಿಸಿದ ಹೊಲ ಪುಕ್ಕಟೆ ಬಂದದ್ದೆಂದು ಅರ್ಥ. ಅವನ ಸಾಲ ಮಾತ್ರ ಪುಕ್ಕಟೆ ಅಲ್ಲ, ಬಡ್ಡಿಸಮೇತ ಮಕ್ಕಳ ಬಾಗಿಲಿಗೆ ಬರುತ್ತದೆ. ಇಲ್ಲಿ ಒಂದು ಮಾತು ತಿಳಿದಿರಲಿ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಅಪ್ಪ ಮಾಡಿದ ಸಾಲವನ್ನು, ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಮಗನಿಂದ ವಸೂಲು ಮಾಡಲು ಬರುವುದಿಲ್ಲ. ಅಪ್ಪ ಬಿಟ್ಟ ಆಸ್ತಿಯ ಮಟ್ಟಿಗೆ ಹೊಣೆ ಇರುತ್ತದೆ. ಮಗ ತಾನೇ ಜಾಮೀನು ನಿಂತಿದ್ದರೆ ಮಾತು ಬೇರೆ.

ಬೆಂಬಲ ಬೆಲೆಯಾದರೂ ಗಟ್ಟಿಯೇ? 2015ರಲ್ಲಿ ತೊಗರಿ ಕ್ವಿಂಟಲಿಗೆ 10 ಸಾವಿರ ರೂ. ದಾಟಿತು. ಮರುವರ್ಷ ಜುಲೈದಾಗ ಸರಕಾರ ಮೊಜಾಂಬಿಕ್ ದೇಶದಿಂದ ತೊಗರಿ ತರಿಸುವ ಒಪ್ಪಂದಕ್ಕೆ ಸಹಿ ಹಾಕಿತು. ನಾವು ಆಸೆಪಟ್ಟು ಹೆಚ್ಚು ಬಿತ್ತಿದೆವು, ಬೆಳೆಯೂ ಬಂತು. 2017ರ ಸುರುವಿಗೆ ಪೇಟೆಯ ಧಾರಣಿ 5,050 ರೂ. ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ದರ ಏರಿದಾಗ ಆಮದು, ಇಳಿದಾಗ ಚೀಲ ಹೊತ್ತು ಸಾಲಿನಲ್ಲಿ ನಿಲ್ಲುವ ಸರದಿ ನಮ್ಮದು. ಇದು ಯಾವ ನ್ಯಾಯ?

ನಮ್ಮ ಕಡೆಯ ಅಂಬಲಗಾದ ಮಾರುತಿ ಮಾನ್ಪಡೆ ಈ ಪ್ರಶ್ನೆಯನ್ನು ಬೀದಿಗೆ ತಂದವರು. ಪ್ರಾಂತ ರೈತ ಸಂಘದ ಮುಂದಾಳಾಗಿ ತೊಗರಿ ಬೆಲೆಗಾಗಿ ಹೋರಾಡಿದರು. 2020ರ ಅಕ್ಟೋಬರದಲ್ಲಿ ಕೊರೊನಾ ತಗುಲಿ ಸೋಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪಕ್ಷ ಒಪ್ಪದವರೂ ಇರಬಹುದು; ಅವರು ಕೇಳಿದ ಬೆಲೆ ಬೇಡ ಎನ್ನುವ ರೈತ ಯಾರಿದ್ದಾನೆ?

ಹಿರಿಯರ ನೆನಪಿಗೆ ಫೋಟೋ ಹಾಕಿ ಹಾರ ಹಾಕುತ್ತೇವೆ, ಆಗಲಿ. ಅದರ ಜೊತೆ ಈ ಸಲ ರಾಶಿಯಾದ ಮೇಲೆ ಮನೆಯಲ್ಲಿ ಕುಂತು ಖರ್ಚಿನ ಪಟ್ಟಿ ಬರೆಯಿರಿ. ನಿಮ್ಮೂರಿನ ಲಾವಣಿ ದರದಂತೆ ಸ್ವಂತ ಹೊಲದ ಲಾವಣಿಯನ್ನೂ ಹಚ್ಚಿರಿ. ಆ ಪಟ್ಟಿ ಗ್ರಾಮಸಭೆಗೆ ಒಯ್ಯಿರಿ, ಮತ ಕೇಳಲು ಬಂದವರ ಕೈಗೂ ಕೊಡಿರಿ. ಅಪ್ಪನ ಹೊಲಕ್ಕೆ ಸೊನ್ನೆ ಬರೆಯುವ ಅಧಿಕಾರ ಯಾರಿಗೂ ಇಲ್ಲ.