ಸೋಸುವ ನೀರು, ಸೋರುವ ನೀರು

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಜೈನ ಶ್ರಾವಕರ ಗುರುತು. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡಬೇಕೆಂಬಷ್ಟು ಎಚ್ಚರ ಈ ಆಚಾರದಲ್ಲಿದೆ. ಆದರೆ ಆ ಎಚ್ಚರ ಇಂದು ಅಡುಗೆಮನೆಯ ಹೊಸ್ತಿಲು ದಾಟುತ್ತಿಲ್ಲ. ಕುಡಿಯುವ ನೀರನ್ನು ಶ್ರದ್ಧೆಯಿಂದ ಸೋಸುವ ಮನೆಗಳಲ್ಲೇ, ನಡುಹಗಲಿನಲ್ಲಿ ಹೂದೋಟಕ್ಕೆ ಬಿಟ್ಟ ನೀರು ಅಂಗಳ ತುಂಬಿ ಚರಂಡಿ ಸೇರುತ್ತದೆ.

ಜೈನದರ್ಶನದ ಪ್ರಕಾರ ನೀರಿನಲ್ಲಿ ಜೀವಿಗಳಿರುವುದಷ್ಟೇ ಅಲ್ಲ, ನೀರೇ ಏಕೇಂದ್ರಿಯ ಜೀವಿಗಳ ಕಾಯ. ಗೃಹಸ್ಥರಾದವರು ಬಾಳುವೆಗೆ ಅನಿವಾರ್ಯವಾದ ಹಿಂಸೆಯನ್ನು ಪೂರ್ಣವಾಗಿ ತೊರೆಯಲಾರರು. ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯಬಲ್ಲರು. ಅದಕ್ಕೆಂದೇ ಅನರ್ಥದಂಡ ವಿರತಿ ಎಂಬ ಗುಣವ್ರತವಿದೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಮೊದಲಾದವನ್ನು ಪ್ರಮಾದಚರ್ಯೆ ಎಂದು ಪರಿಗಣಿಸುತ್ತದೆ. ಗಿಡಕ್ಕೆ ನೀರೆರೆಯುವುದು ಗೃಹಸ್ಥಧರ್ಮಕ್ಕೆ ವಿರುದ್ಧವಲ್ಲ. ಗಿಡಕ್ಕೆ ಸಲ್ಲದ ನೀರನ್ನು ಹರಿಯಬಿಡುವುದು ವ್ರತಭಂಗ.

ಈ ಮಾತಿನ ಗುರುತ್ವವನ್ನು ಚೆನ್ನೈಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 2015ರ ಡಿಸೆಂಬರಿನಲ್ಲಿ ಪ್ರವಾಹದಲ್ಲಿ ಮುಳುಗಿದ ಅದೇ ನಗರ, 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿದ್ದನ್ನು ಕಂಡಿತು. ಆ ಜುಲೈಯಲ್ಲಿ ಜೋಲಾರಪೇಟೆಯಿಂದ ಸುಮಾರು 25 ಲಕ್ಷ ಲೀಟರ್ ನೀರು ಹೊತ್ತ ರೈಲು ಬರಬೇಕಾಯಿತು. ಟ್ಯಾಂಕರುಗಳು ನಗರದ ಸುತ್ತಲಿನ ಹಳ್ಳಿಗಳ ಬಾವಿಗಳನ್ನು ಬರಿದು ಮಾಡಿದವು. ಹಣ ತೆತ್ತು ಕೊಂಡ ನೀರಿನಿಂದ ಹುಲ್ಲುಹಾಸನ್ನು ಹಸಿರಾಗಿಡುವ ಮನೆ, ಇನ್ನೊಬ್ಬರ ಹೊಲದ ಪಾಲನ್ನು ತನ್ನದಾಗಿಸಿಕೊಂಡಿರುತ್ತದೆ. ಅಪರಿಗ್ರಹವು ಚಿನ್ನ, ಭೂಮಿಗಳಿಗೆ ಮಾತ್ರ ಅನ್ವಯಿಸುವ ನಿಯಮವಲ್ಲ.

ಪರಿಹಾರಗಳು ಸರಳವಾಗಿವೆ. ನೀರು ಬೇಡುವ ಹುಲ್ಲುಹಾಸಿನ ಬದಲು ನುಗ್ಗೆ, ಕರಿಬೇವು, ದಾಸವಾಳ ಬೆಳೆಯಬಹುದು. ಬುಡಕ್ಕೆ ಒಣಗಿದ ಎಲೆಗಳನ್ನು ಹೊದಿಸಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ನೀರೆರೆದರೆ ಆವಿಯಾಗುವ ನೀರು ಕಡಿಮೆಯಾಗುತ್ತದೆ. ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬಿದರೆ ಅದು ಒಸರುತ್ತ ಬೇರಿಗೇ ತಲುಪುತ್ತದೆ. ಸೊಳ್ಳೆ ಹುಟ್ಟದಂತೆ ಬಾಯಿ ಮುಚ್ಚಿದರಾಯಿತು. ಅಕ್ಕಿ, ತರಕಾರಿ ತೊಳೆದ ನೀರು ಗಿಡಗಳಿಗೆ ಸಲ್ಲಬಹುದು. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನು ನೆಲ ಒರೆಸಲು ಬಳಸುವುದು ಲೇಸು.

ಆದರೆ ಮನೆಮನೆಯ ಮಿತವ್ಯಯಕ್ಕಿಂತ ದೊಡ್ಡ ಹೊಣೆ ಬಸದಿಗಳ ಹಾಗೂ ಸಮಾಜದ ಟ್ರಸ್ಟುಗಳ ಮೇಲಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಅಂಗಳಕ್ಕೆಲ್ಲ ಅಮೃತಶಿಲೆ ಹಾಸಿದರೆ ಮಳೆ ಇಂಗುವ ಹಾದಿಯೇ ಮುಚ್ಚುತ್ತದೆ. ಚೆನ್ನೈಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,400 ಮಿಲಿಮೀಟರ್ ಮಳೆಯಾಗುತ್ತದೆ. ಎಂದರೆ 100 ಚದರ ಮೀಟರ್ ತಾರಸಿಯ ಮೇಲೆ ಸುಮಾರು 1 ಲಕ್ಷ 40 ಸಾವಿರ ಲೀಟರ್ ನೀರು ಬೀಳುತ್ತದೆ. ಅಲ್ಲಿ ಹಿಂಗಾರು ಬಿರುಸಾಗುವುದು ಮಹಾವೀರ ನಿರ್ವಾಣೋತ್ಸವದ ಆಸುಪಾಸಿನಲ್ಲೇ. ದೀಪಾವಳಿಗೆ ಮನೆ ತೊಳೆಯುವ ಸಮಾಜ, ಅದಕ್ಕೂ ಮುನ್ನ ಬಸದಿಯ ತಾರಸಿ, ಕೊಳವೆ, ಇಂಗುಗುಂಡಿಗಳನ್ನು ಶುಚಿಗೊಳಿಸುವುದನ್ನು ನಿರ್ವಾಣೋತ್ಸವದ ಅಂಗವಾಗಿಸಿಕೊಳ್ಳಲಿ. ಅಂಗಳದ ಒಂದು ಮೂಲೆ ಸಸಿಗಳ, ಬೀಜಗಳ, ತೋಟದ ಸಲಕರಣೆಗಳ ಹಂಚಿಕೆಯ ತಾಣವಾಗಲಿ. ಅದು ಪಂಥಭೇದ, ಮತಭೇದಗಳಿಲ್ಲದೆ ಇಡೀ ಬೀದಿಗೆ ತೆರೆದಿರಲಿ.

ಮಳೆನೀರು ಸಂಗ್ರಹವನ್ನು ತಮಿಳುನಾಡು ಸರ್ಕಾರ 2003ರಲ್ಲೇ ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಿತು. ಒಮ್ಮೆ ಗುಂಡಿ ತೋಡಿಸಿದರೆ ಕಾನೂನಿನ ಕೆಲಸ ಮುಗಿಯದು. ಹೂಳು ತುಂಬಿದ ಗುಂಡಿ ಕಾಗದದ ಮೇಲಷ್ಟೇ ಉಳಿಯುತ್ತದೆ. ವರ್ಷಂಪ್ರತಿ ತಪಾಸಣೆಗೆ ಆಡಳಿತವನ್ನು ಒತ್ತಾಯಿಸುವ ನೈತಿಕ ಅಧಿಕಾರ, ತನ್ನ ಗುಂಡಿಯನ್ನು ತೋರಿಸಬಲ್ಲ ಸಮಾಜಕ್ಕೆ ಮಾತ್ರ ದೊರೆಯುತ್ತದೆ. ಮುಂಬಯಿ, ಪುಣೆ, ಹೈದರಾಬಾದುಗಳ ವಸತಿ ಸಂಘಗಳಲ್ಲಿರುವ ಜೈನ ಸದಸ್ಯರಿಗೂ ಈ ಮಾತು ಸಲ್ಲುತ್ತದೆ.

ಇಂಗಿಸಿದ ನೀರು ಕಾಂಪೌಂಡ್ ಗೋಡೆಯನ್ನು ಅರಿಯದು. ಅದು ನೆರೆಮನೆಯ ಬಾವಿಗೂ ಒದಗುತ್ತದೆ. ಯಾರ ಹೆಸರನ್ನೂ ಕೆತ್ತಿಸಲಾಗದ ದಾನವದು. ದಾನಿಗಳ ಹೆಸರಿನ ಶಿಲಾಫಲಕಗಳು ಸಾಕಷ್ಟಾಗಿವೆ. ಮುಂದಿನ ದೇಣಿಗೆ ಇಂಗುಗುಂಡಿಗೆ ಸಲ್ಲಲಿ.